ಎಳೆಮಕ್ಕಳ ಮದ್ದು ಮತ್ತು ವೈದ್ಯರ ಮುಂದಿನ ಮೌನ

ಪೂರಕ ಚಿಕಿತ್ಸೆ, ಪರ್ಯಾಯ ಚಿಕಿತ್ಸೆ ಎಂಬ ಎರಡು ಮಾತುಗಳು ಮಕ್ಕಳ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಜೋಡಿಯಾಗಿಯೇ ಬರುತ್ತವೆಯಾದರೂ ಅವೆರಡರ ಅರ್ಥ ಒಂದೇ ಅಲ್ಲ. ಆಸ್ಪತ್ರೆಯ ವೈದ್ಯರು ಬರೆದುಕೊಟ್ಟ ಔಷಧಿಯನ್ನು ಬಿಡದೆ ಅದರ ಜೊತೆಗೆ ಇನ್ನೊಂದು ಪದ್ಧತಿಯ ಮದ್ದನ್ನೋ ಉಪಚಾರವನ್ನೋ ಸೇರಿಸಿಕೊಂಡರೆ ಅದು ಪೂರಕ. ಬರೆದುಕೊಟ್ಟದ್ದನ್ನು ನಿಲ್ಲಿಸಿ ಅದರ ಜಾಗದಲ್ಲಿ ಇನ್ನೊಂದನ್ನು ಹಿಡಿದರೆ ಅದು ಪರ್ಯಾಯ. ಉಬ್ಬಸದ ಮಗುವಿಗೆ ಇನ್‌ಹೇಲರ್ ಮುಂದುವರಿಸಿಕೊಂಡೇ ಸಂಜೆ ತುಳಸಿಯ ಕಷಾಯ ಕುಡಿಸುವುದು ಮೊದಲನೆಯದಕ್ಕೆ ಉದಾಹರಣೆಯಾದರೆ, ‘ಪಂಪು ಅಭ್ಯಾಸವಾಗಿಬಿಡುತ್ತದೆ’ ಎಂಬ ಹೆದರಿಕೆಯಿಂದ ಇನ್‌ಹೇಲರನ್ನು ಬೀರುವಿನೊಳಗಿಟ್ಟು ಬರಿಯ ಪುಡಿಯನ್ನು ನಂಬುವುದು ಎರಡನೆಯದಕ್ಕೆ ಉದಾಹರಣೆ. ಮದ್ದಿನ ಹೆಸರು ಎರಡು ಕಡೆಯೂ ಒಂದೇ ಆಗಿರಬಹುದು. ಅಪಾಯದ ಅಳತೆ ಮಾತ್ರ ಪೂರ್ತಿ ಬೇರೆ.

ಪಶ್ಚಿಮದ ದೇಶಗಳಲ್ಲಿ ರೂಪುಗೊಂಡ ಈ ವಿಂಗಡಣೆಯನ್ನು ಮೈಸೂರಿಗೆ ತಂದಾಗ ಅದು ಅಷ್ಟು ಸಲೀಸಾಗಿ ಕೂರುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರಿನ ಆಯುರ್ವೇದ ಕಾಲೇಜು ಆರಂಭವಾದದ್ದು 1908ರಲ್ಲಿ. ಅವರದೇ ಆಳ್ವಿಕೆಯ ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲಿ ಹುಟ್ಟಿದ್ದು 1924ರಲ್ಲಿ, ಅದು ಮೈಸೂರಿಗೆ ಸ್ಥಳಾಂತರಗೊಂಡದ್ದು 1930ರಲ್ಲಿ. ಹಾಗಾಗಿ ಈ ಊರಿನ ಹಿರಿಯ ತಲೆಮಾರಿನ ಕಣ್ಣಿನಲ್ಲಿ ಆಯುರ್ವೇದವು ಯಾವುದಕ್ಕೂ ಪರ್ಯಾಯವಾಗಿರಲಿಲ್ಲ, ಮಾತ್ರೆ ಮತ್ತು ಸೂಜಿಮದ್ದಿನ ಪದ್ಧತಿಯನ್ನೇ ಅವರು ‘ಇಂಗ್ಲಿಷ್ ಔಷಧಿ’ ಎಂದು ಬೇರೆಯಾಗಿ ಗುರುತಿಸುತ್ತಿದ್ದರು, ಇಂದಿಗೂ ಆ ಮಾತು ಬಳಕೆಯಲ್ಲಿದೆ. ಕಾನೂನಿನ ದೃಷ್ಟಿಯಲ್ಲಿಯೂ ಆಯುರ್ವೇದ, ಯುನಾನಿ, ಸಿದ್ಧ, ಹೋಮಿಯೋಪಥಿಗಳು ಭಾರತದಲ್ಲಿ ಅಂಗೀಕೃತ ಪದ್ಧತಿಗಳೇ ಆಗಿದ್ದು, 2014ರ ನವೆಂಬರ್‌ನಿಂದ ಅವುಗಳಿಗಾಗಿ ಕೇಂದ್ರದಲ್ಲಿ ಆಯುಷ್ ಎಂಬ ಪ್ರತ್ಯೇಕ ಸಚಿವಾಲಯವಿದೆ. ಆದರೆ ಪದವಿ ಪಡೆದ ಆಯುರ್ವೇದ ವೈದ್ಯರು ಬರೆದುಕೊಡುವ ಲೇಹ್ಯ, ಹಳ್ಳಿಯ ನಾಟಿ ವೈದ್ಯರು ಕಟ್ಟಿಕೊಡುವ ಬೇರು, ಅಜ್ಜಿ ಮನೆಯಲ್ಲೇ ತೇಯುವ ಮದ್ದು, ಜಾಹೀರಾತು ನೋಡಿ ತರಿಸಿಕೊಂಡ ಶಕ್ತಿವರ್ಧಕ ಪುಡಿ ಇವೆಲ್ಲವನ್ನೂ ಒಂದೇ ಗಂಟಿಗೆ ಕಟ್ಟುವುದು ಸರಿಯಾಗದು. ಅವುಗಳ ಹಿಂದಿರುವ ಅರಿವು, ಹೊಣೆ, ಶುದ್ಧತೆ ಒಂದಕ್ಕೊಂದು ಸಮನಲ್ಲ.

ಮೈಸೂರಿನ ವಾಯವ್ಯ ಅಂಚಿನಲ್ಲಿ, ಹುಣಸೂರು ರಸ್ತೆಗೆ ಸಮೀಪದಲ್ಲಿರುವ ಹೂಟಗಳ್ಳಿಯಂಥ ಪ್ರದೇಶದಲ್ಲಿ ಇವೆಲ್ಲವೂ ಒಂದೇ ಬೀದಿಯಲ್ಲಿ ಸಿಗುತ್ತವೆ. ಹಳೆಯ ಊರಿನ ಸುತ್ತ ಕೈಗಾರಿಕಾ ಪ್ರದೇಶವೂ ಗೃಹಮಂಡಳಿಯ ಬಡಾವಣೆಯೂ ಬೆಳೆದು, ಗ್ರಾಮ ಪಂಚಾಯಿತಿಯಾಗಿದ್ದದ್ದು ನಗರಸಭೆಯಾದ ಈ ಭಾಗದಲ್ಲಿ, ಕಾರ್ಖಾನೆಯ ಪಾಳಿಗೆ ಹೋಗಿಬರುವ ಎಳೆಯ ದಂಪತಿಗಳ ಮನೆಗೆ ಬಾಣಂತನ ಮಾಡಲು ಹಳ್ಳಿಯಿಂದ ತಾಯಿಯೋ ಅತ್ತೆಯೋ ಬಂದು ನಿಲ್ಲುವುದು ಸಾಮಾನ್ಯ. ಅವರ ಚೀಲದಲ್ಲಿ ಬಜೆ, ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿ, ಒಣಶುಂಠಿ, ಅರಿಶಿನದ ಕೊಂಬುಗಳು ಬಂದಿರುತ್ತವೆ, ಬರದಿದ್ದರೆ ಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ ಕೇಳಿದೊಡನೆ ಕಟ್ಟಿಕೊಡುತ್ತಾರೆ. ಒಂದೊಂದನ್ನೂ ಸಾಣೆಕಲ್ಲಿನ ಮೇಲೆ ಇಷ್ಟು ಸುತ್ತು ಎಂದು ಎಣಿಸಿ ತೇದು, ಎದೆಹಾಲಿನಲ್ಲಿ ಕದಡಿ, ಎಣ್ಣೆ ಹಚ್ಚಿ ಎರೆದ ಮೇಲೆ ಹಸುಗೂಸಿನ ಬಾಯಿಗೆ ಬಿಡುವ ಸುತ್ತು ಖಾರದ ಕ್ರಮ ಈ ಸೀಮೆಯಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಮಗುವಿನ ಹೊಟ್ಟೆ ಉಬ್ಬರಿಸಬಾರದು, ರಾತ್ರಿ ಚೆನ್ನಾಗಿ ಮಲಗಬೇಕು, ನೆಗಡಿ ಕಟ್ಟಬಾರದು ಎಂಬ ಕಕ್ಕುಲಾತಿಯೇ ಇದರ ಮೂಲ ಎಂಬುದನ್ನು ಮರೆತು ಈ ವಿಷಯವನ್ನು ಚರ್ಚಿಸಹೊರಟವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ.

ಇದೇ ಕುಟುಂಬ ಮಗುವನ್ನು ಲಸಿಕೆಗೆಂದೋ ಜ್ವರಕ್ಕೆಂದೋ ಮಕ್ಕಳ ತಜ್ಞರ ಬಳಿಗೆ ಕರೆದೊಯ್ದಾಗ ‘ನಾಟಿ ಔಷಧಿ ಏನಾದರೂ ಕೊಟ್ಟಿದ್ದೀರಾ?’ ಎಂಬ ಪ್ರಶ್ನೆಗೆ ಬರುವ ಉತ್ತರ ಬಹುಮಟ್ಟಿಗೆ ‘ಇಲ್ಲ ಸಾರ್’ ಎಂಬುದೇ. ಇದರಲ್ಲಿ ಕಪಟವೇನೂ ಇಲ್ಲ. ಪ್ರಶ್ನೆಯ ಧಾಟಿಯಲ್ಲೇ ಆಕ್ಷೇಪಣೆ ಅಡಗಿರುವುದರಿಂದ ತಾಯಿ ಬೈಗುಳಕ್ಕೆ ಹೆದರುತ್ತಾಳೆ, ಪಕ್ಕದಲ್ಲಿ ನಿಂತ ಅತ್ತೆಯ ಮುಖ ನೋಡುತ್ತಾಳೆ. ಮೇಲಾಗಿ ಬಜೆಯನ್ನು ಆಕೆ ಔಷಧಿಯೆಂದು ಎಣಿಸಿರುವುದೇ ಇಲ್ಲ, ಅದು ಆಕೆಗೆ ಸ್ನಾನದಷ್ಟೇ ಸಹಜವಾದ ಆರೈಕೆ. ಈ ಮೌನ ನಮ್ಮ ಸೀಮೆಗಷ್ಟೇ ಸೀಮಿತವಲ್ಲ. ಅಮೆರಿಕದಲ್ಲಿ ಡೇವಿಡ್ ಐಸೆನ್‌ಬರ್ಗ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಮೂವರು ವಯಸ್ಕರಲ್ಲಿ ಒಬ್ಬರು ಹಿಂದಿನ ಒಂದು ವರ್ಷದಲ್ಲಿ ರೂಢಿಯ ವೈದ್ಯಕೀಯದ ಹೊರಗಿನ ಯಾವುದಾದರೊಂದು ಚಿಕಿತ್ಸೆ ಪಡೆದಿದ್ದರೆಂದೂ, ಅಂಥವರಲ್ಲಿ ಶೇ. 72ರಷ್ಟು ಮಂದಿ ಅದನ್ನು ತಮ್ಮ ವೈದ್ಯರಿಗೆ ತಿಳಿಸಿರಲಿಲ್ಲವೆಂದೂ ಕಂಡುಬಂತು. ಅದಕ್ಕೂ ಮೊದಲೇ, 1978ರಲ್ಲಿ, ಮನೋವೈದ್ಯರೂ ಮಾನವಶಾಸ್ತ್ರಜ್ಞರೂ ಆದ ಆರ್ಥರ್ ಕ್ಲೈನ್‌ಮನ್ ಮತ್ತು ಅವರ ಸಹೋದ್ಯೋಗಿಗಳು, ಕಾಯಿಲೆಗೆ ಕಾರಣವೇನೆಂದು ರೋಗಿ ತಿಳಿದಿದ್ದಾನೆ, ಅದು ಈಗಲೇ ಏಕೆ ಬಂತೆಂದು ಅವನಿಗೆ ತೋರುತ್ತದೆ, ಯಾವ ಚಿಕಿತ್ಸೆ ಬೇಕೆಂದು ಅವನು ಬಯಸುತ್ತಾನೆ ಎಂಬಂಥ ಪ್ರಶ್ನೆಗಳನ್ನು ವೈದ್ಯರು ಬಾಯಿಬಿಟ್ಟು ಕೇಳಬೇಕೆಂದು ಸೂಚಿಸಿದ್ದರು. ಕುಟುಂಬದವರು ಕಾಯಿಲೆಯನ್ನು ಅರ್ಥಮಾಡಿಕೊಂಡಿರುವ ಬಗೆಯನ್ನು ಅವರು ವಿವರಣೆಯ ಮಾದರಿ ಎಂದು ಕರೆದರು.

ಮೈಸೂರು ಸೀಮೆಯ ವಿವರಣೆಯ ಮಾದರಿಗೆ ಒಂದು ಒಳ್ಳೆಯ ನಿದರ್ಶನ ‘ನೆತ್ತಿ ಬಿದ್ದಿದೆ’ ಎಂಬ ಮಾತು. ಭೇದಿಯಾಗಿ ಸೊರಗಿದ ಕೂಸಿನ ತಲೆಯ ಮೇಲಿನ ಮೆತ್ತನೆಯ ಭಾಗ ಕುಳಿಬಿದ್ದಿರುವುದನ್ನು ಅಜ್ಜಿ ಬೆರಳಿನಿಂದ ಮುಟ್ಟಿ ಪತ್ತೆಹಚ್ಚುತ್ತಾಳೆ, ಅಲ್ಲಿಗೆ ಹರಳೆಣ್ಣೆ ಇಡುತ್ತಾಳೆ. ವೈದ್ಯಕೀಯ ವಿದ್ಯಾರ್ಥಿಯೂ ದೇಹದ ನೀರಿನಂಶ ಕಡಿಮೆಯಾದುದರ ಗುರುತೆಂದು ಕಲಿಯುವುದು ಇದೇ ಕುಳಿಯನ್ನು. ಅಜ್ಜಿಯ ನೋಟ ತಪ್ಪಲ್ಲ, ಮದ್ದು ಮಾತ್ರ ಸಾಲದು, ಏಕೆಂದರೆ ಹರಳೆಣ್ಣೆಯಿಂದ ಕಳೆದುಹೋದ ನೀರೂ ಲವಣವೂ ಮರಳಿ ಬರುವುದಿಲ್ಲ. ‘ನೀವು ಸರಿಯಾಗಿ ಗಮನಿಸಿದ್ದೀರಿ ಅಜ್ಜಿ, ನೆತ್ತಿ ಬಿದ್ದಿದೆ ಅಂದರೆ ಮೈಯಲ್ಲಿ ನೀರು ಬತ್ತಿದೆ ಅಂತ, ಈ ಓಆರ್‌ಎಸ್ ನೀರನ್ನು ಚಮಚೆ ಚಮಚೆಯಾಗಿ ಕುಡಿಸುತ್ತಿರಿ, ಎದೆಹಾಲು ನಿಲ್ಲಿಸಬೇಡಿ’ ಎಂದು ಹೇಳುವ ವೈದ್ಯರ ಮಾತು ಮನೆಯಲ್ಲಿ ನಡೆಯುತ್ತದೆ. ಎಣ್ಣೆ ಕಂಡೊಡನೆ ಸಿಡುಕುವ ವೈದ್ಯರ ಚೀಟಿ ಚೀಲದಲ್ಲೇ ಉಳಿಯುತ್ತದೆ.

ಎಳೆಬಿಸಿಲಿನ ವಿಷಯ ಇನ್ನೂ ಸ್ವಾರಸ್ಯಕರವಾದುದು. ಹುಟ್ಟಿದ ಎರಡು ಮೂರು ದಿನಗಳಲ್ಲಿ ಹಲವು ಕೂಸುಗಳ ಮೈ ಹಳದಿಗಟ್ಟುವುದಕ್ಕೆ ರಕ್ತದ ಕೆಂಪುಕಣಗಳು ಒಡೆದಾಗ ಉಂಟಾಗುವ ಬಿಲಿರುಬಿನ್ ಎಂಬ ಹಳದಿ ವಸ್ತು ಕಾರಣವಾಗಿದ್ದು, ಕೂಸಿನ ಎಳೆಯ ಪಿತ್ತಜನಕಾಂಗ ಅದನ್ನು ತಕ್ಷಣ ಹೊರಹಾಕಲಾರದು. ಬೆಳಗಿನ ಬಿಸಿಲಿಗೆ ಮಗುವನ್ನು ಹಿಡಿಯುವ ರೂಢಿಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರು ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ 1956ರಲ್ಲಿ ನಡೆದುದನ್ನು ನೆನೆಯಬೇಕು. ಅಲ್ಲಿನ ದಾದಿ ಸಿಸ್ಟರ್ ವಾರ್ಡ್ ಅವಧಿಗೆ ಮುನ್ನ ಹುಟ್ಟಿದ ಕೂಸುಗಳನ್ನು ಬಿಸಿಲಿಗೆ ಕರೆದೊಯ್ಯುತ್ತಿದ್ದುದರಿಂದ, ಬಟ್ಟೆ ಮುಚ್ಚಿದ್ದ ಭಾಗ ಹಳದಿಯಾಗಿಯೇ ಉಳಿದು ಬೆಳಕು ಬಿದ್ದ ಚರ್ಮ ತಿಳಿಯಾದುದು ಕಣ್ಣಿಗೆ ಬಿತ್ತು. ಆ ಗಮನಿಕೆಯ ಜಾಡು ಹಿಡಿದು ಅಲ್ಲಿನ ವೈದ್ಯ ಕ್ರೆಮರ್ ಮತ್ತು ಸಂಗಡಿಗರು 1958ರಲ್ಲಿ ಬೆಳಕಿನ ಚಿಕಿತ್ಸೆಯನ್ನು ವರದಿ ಮಾಡಿದರು, ಅದೇ ಇಂದು ಹೆರಿಗೆ ಆಸ್ಪತ್ರೆಗಳಲ್ಲಿ ಕಾಣುವ ನೀಲಿ ದೀಪ. ಹೀಗಿದ್ದರೂ ಬಿಲಿರುಬಿನ್ ವಿಪರೀತವಾಗಿ ಏರಿದ ಮಗುವಿಗೆ ಬಾಗಿಲ ಬಿಸಿಲು ಸಾಲದು. ಬೇಕಾದ ನೀಲಿ ಬೆಳಕು ಎಷ್ಟು ಹೊತ್ತು, ಎಷ್ಟು ಪ್ರಮಾಣದಲ್ಲಿ ಬಿದ್ದಿತೆಂದು ಅಲ್ಲಿ ಅಳೆಯಲಾಗದು. ತಡವಾದರೆ ಆ ಹಳದಿ ವಸ್ತು ಮಿದುಳಿಗೆ ಇಳಿದು ಶಾಶ್ವತ ಹಾನಿ ಮಾಡುವುದಲ್ಲದೆ ಕೇಳುವ ನರವನ್ನೂ ಕೆಡಿಸಬಲ್ಲದು.

ಇಲ್ಲಿಂದ ಮಾತು ಮತ್ತೆ ಬಜೆಗೆ ಬರುತ್ತದೆ. ಸಂಸ್ಕೃತದಲ್ಲಿ ಬಜೆಗೆ ವಚಾ ಎಂಬ ಹೆಸರಿದ್ದು, ಆ ಹೆಸರಿನಲ್ಲೇ ಮಾತು ಅಡಗಿದೆ. ಮಾತು ತಡವಾದ ಮಗುವಿನ ನಾಲಿಗೆಗೆ ಬಜೆ ತೇದು ಹಚ್ಚಿದರೆ ನಾಲಿಗೆ ಹೊರಳುತ್ತದೆ ಎಂಬ ನಂಬಿಕೆ ಕನ್ನಡನಾಡಿನಾದ್ಯಂತ ಇದೆ. ಬಜೆಯಲ್ಲಿ ಬೀಟಾ-ಅಸರೋನ್ ಎಂಬ ರಾಸಾಯನಿಕವಿದ್ದು, ಪ್ರಯೋಗದ ಇಲಿಗಳಲ್ಲಿ ಅದು ಗಡ್ಡೆಗಳನ್ನು ಉಂಟುಮಾಡಿದ ಕಾರಣ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಇಲಿಗೆ ಕೊಟ್ಟ ಪ್ರಮಾಣವನ್ನೂ ನಾಲಿಗೆಯ ತುದಿಗೆ ಸವರುವ ಒಂದು ಸುತ್ತನ್ನೂ ಸಮವೆಂದು ಹೇಳಲಾಗದಿದ್ದರೂ, ಹಸುಗೂಸಿಗೆ ದಿನದಿನವೂ ತೇದು ಕುಡಿಸುವುದು ಬೇಡವೆನ್ನಲು ಇಷ್ಟು ಕಾರಣ ಸಾಕು; ಅಳತೆ ಮೀರಿದರೆ ವಾಂತಿ, ಮಂಪರು ಬರುವುದೂ ಉಂಟು. ಆದರೆ ಬಜೆಯಿಂದಾಗುವ ದೊಡ್ಡ ನಷ್ಟ ಅದರ ರಸಾಯನದಲ್ಲಿಲ್ಲ, ಅದು ಕದಿಯುವ ತಿಂಗಳುಗಳಲ್ಲಿದೆ. ಮಾತು ಬಾರದಿರುವುದಕ್ಕೆ ಕಿವಿ ಕೇಳದಿರುವುದು ಒಂದು ಮುಖ್ಯ ಕಾರಣ, ಮತ್ತು ಕೇಳದ ಮಗುವಿನ ನಾಲಿಗೆಗೆ ಏನನ್ನು ಹಚ್ಚಿದರೂ ಮಾತು ಹುಟ್ಟುವುದಿಲ್ಲ. ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಧಾರ, ಆರು ತಿಂಗಳೊಳಗೆ ಶ್ರವಣೋಪಕರಣ ಮತ್ತು ತರಬೇತಿಯ ಆರಂಭ ಎಂಬುದು ತಜ್ಞರು ಜಗತ್ತಿನೆಲ್ಲೆಡೆ ಒಪ್ಪಿರುವ ಗುರಿ, ಏಕೆಂದರೆ ಶಬ್ದವನ್ನು ಭಾಷೆಯಾಗಿಸಿಕೊಳ್ಳುವ ಮಿದುಳಿನ ಸಾಮರ್ಥ್ಯ ಎಳೆತನದಲ್ಲಿ ಹೆಚ್ಚಿದ್ದು ವರ್ಷಗಳು ಉರುಳಿದಂತೆ ಕುಗ್ಗುತ್ತದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇರುವುದು ಮಾನಸಗಂಗೋತ್ರಿಯಲ್ಲಿ, ಹೂಟಗಳ್ಳಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ. ದೇಶದ ಮೂಲೆಮೂಲೆಯಿಂದ ಜನ ರೈಲು ಹತ್ತಿ ಬರುವ ಸಂಸ್ಥೆ ಊರಿನಲ್ಲೇ ಇರುವಾಗ ಮಗುವಿನ ಮೂರನೆಯ ಹುಟ್ಟುಹಬ್ಬದವರೆಗೂ ಬಜೆ ತೇಯುತ್ತ ಕಾಯುವುದು ಸಂಕಟದ ಸಂಗತಿ. ಅಲ್ಲಿಗೆ ಹೋಗಿ ಕಿವಿ ತೋರಿಸಿ ಬರುವುದಕ್ಕೆ ಅಜ್ಜಿಯ ನಂಬಿಕೆ ಅಡ್ಡಿಯಾಗಬೇಕಾಗಿಲ್ಲ.

ಕೆಲವು ಪದಾರ್ಥಗಳ ವಿಷಯದಲ್ಲಿ ಮಾತ್ರ ಸಂಧಾನಕ್ಕೆ ಎಡೆಯಿಲ್ಲ. ಕರ್ಪೂರ ಮಗುವಿನ ಹೊಟ್ಟೆಗೆ ಸೇರಿದರೆ ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆಯೂ ಹಾಗೆಯೇ, ನೆಗಡಿಗೆಂದು ಹಚ್ಚುವ ಮುಲಾಮುಗಳಲ್ಲಿ ಇವೆರಡೂ ಸಾಮಾನ್ಯವಾಗಿರುವುದರಿಂದ ಎಳೆಮಕ್ಕಳ ಮೂಗಿನ ಹೊಳ್ಳೆಗೆ ಅವುಗಳನ್ನು ಸವರಬಾರದು. ಈ ಎಣ್ಣೆಗಳಿಗೂ ಫಿಟ್ಸ್‌ಗೂ ಇರುವ ನಂಟನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಎರೆಯುವಾಗ ಮೂಗಿಗೆ ಎಣ್ಣೆ ಬಿಡುವ ರೂಢಿಯಿಂದ ಎಣ್ಣೆ ಶ್ವಾಸಕೋಶಕ್ಕಿಳಿದು ವಾಸಿಯಾಗದ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಮೈಗೆ ಎಣ್ಣೆ ನೀವುವ ಮಾತೇ ಬೇರೆ: ಬಾಂಗ್ಲಾದೇಶದ ಆಸ್ಪತ್ರೆಯೊಂದರಲ್ಲಿ ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಚರ್ಮಕ್ಕೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಆಸ್ಪತ್ರೆಯಲ್ಲಿ ತಗಲುವ ಸೋಂಕುಗಳು ಶೇ. 41ರಷ್ಟು ಕಡಿಮೆಯಾದವೆಂದು 2005ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಒಂದೇ ಎಣ್ಣೆ ಮೈಮೇಲೆ ರಕ್ಷೆ, ಮೂಗಿನಲ್ಲಿ ವಿಷ ಎಂಬಷ್ಟು ಸೂಕ್ಷ್ಮವಾಗಿ ಬಿಡಿಸಿ ಹೇಳುವ ವ್ಯವಧಾನ ವೈದ್ಯರಿಗಿದ್ದರೆ ಕೇಳುವವರಿಗೂ ತಮ್ಮ ಆರೈಕೆಯನ್ನೆಲ್ಲ ಹಳಿದರೆಂದು ಅನ್ನಿಸುವುದಿಲ್ಲ. ಕಾಮಾಲೆಗೋ ಹೊಟ್ಟೆಯುಬ್ಬರಕ್ಕೋ ಕೂಸಿಗೆ ಬರೆ ಹಾಕುವುದಂತೂ ಸುಟ್ಟಗಾಯ ಮತ್ತು ನಂಜಲ್ಲದೆ ಬೇರೇನನ್ನೂ ಕೊಡದು, ಅದನ್ನು ಮೃದುಮಾತಿನಿಂದ ಸಹಿಸಬೇಕಾದ ಅಗತ್ಯವಿಲ್ಲ.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಮದ್ದುಗಳ ಪ್ರಶ್ನೆ ಇದಕ್ಕಿಂತ ತೊಡಕಿನದು. ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ದಕ್ಷಿಣ ಏಷ್ಯಾ ಮೂಲದ 70 ಆಯುರ್ವೇದ ಉತ್ಪನ್ನಗಳನ್ನು ರಾಬರ್ಟ್ ಸೇಪರ್ ಮತ್ತು ಸಂಗಡಿಗರು ಪರೀಕ್ಷಿಸಿ 2004ರಲ್ಲಿ ವರದಿ ಮಾಡಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದವು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ಲೋಹ, ಕೆಲವು ಬಗೆಯ ಸುರ್ಮಾ ಮತ್ತು ಕಾಡಿಗೆಗಳಲ್ಲಿಯೂ ಅದು ಇರುತ್ತದೆ. ಆಯುರ್ವೇದ ಔಷಧಿಯ ಪೊಟ್ಟಣದ ಮೇಲೆ ಘಟಕಗಳ ಪಟ್ಟಿ ಇರಬೇಕೆಂದೂ, ವಿಷಕಾರಿಯೆಂದು ಕಾನೂನು ಪಟ್ಟಿಮಾಡಿರುವ ಪದಾರ್ಥಗಳಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಇರಬೇಕೆಂದೂ ಔಷಧ ನಿಯಮಗಳು ವಿಧಿಸುತ್ತವೆ. ಹೆಸರು, ಲೇಬಲು ಒಂದೂ ಇಲ್ಲದ ಕಾಗದದ ಪೊಟ್ಟಣದ ಪುಡಿ ಉಬ್ಬಸದ ಮಗುವಿಗೆ ಎರಡೇ ದಿನದಲ್ಲಿ ಪವಾಡದಂತೆ ಗುಣ ಕೊಟ್ಟರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ಶಂಕಿಸಬೇಕು. ಅಂಥ ಪುಡಿಯನ್ನು ತಿಂಗಳುಗಟ್ಟಲೆ ತಿಂದ ಮಗುವಿನ ಮುಖ ಊದಿಕೊಂಡು ಬೆಳವಣಿಗೆ ನಿಲ್ಲುತ್ತದೆ, ಪುಡಿಯನ್ನು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಕೊಡುತ್ತಿದ್ದ ಸಂಗತಿ ವೈದ್ಯರಿಗೆ ಗೊತ್ತಿಲ್ಲದಿದ್ದರೆ ಆ ಅಪಾಯ ಇಮ್ಮಡಿಯಾಗುತ್ತದೆ.

ಪುಷ್ಯ ನಕ್ಷತ್ರದ ದಿನ ಮಕ್ಕಳಿಗೆ ಸುವರ್ಣಪ್ರಾಶನ ಹಾಕಿಸುವ ರೂಢಿ ಈಚಿನ ವರ್ಷಗಳಲ್ಲಿ ಕರ್ನಾಟಕದ ಊರೂರುಗಳಲ್ಲಿ ಹಬ್ಬಿದೆ. ಮಕ್ಕಳ ಚಿಕಿತ್ಸೆಯನ್ನು ಆಯುರ್ವೇದದ ಎಂಟು ಅಂಗಗಳಲ್ಲಿ ಒಂದಾದ ಕೌಮಾರಭೃತ್ಯ ಎಂದು ಕರೆಯುತ್ತಾರೆ; ಅದರ ಪ್ರಮುಖ ಗ್ರಂಥವಾದ ಕಾಶ್ಯಪ ಸಂಹಿತೆಯಲ್ಲಿ ಚಿನ್ನವನ್ನು ತೇದು ಜೇನು ತುಪ್ಪಗಳಲ್ಲಿ ನೆಕ್ಕಿಸುವ ಈ ವಿಧಿಯಿದೆ. ಇಂದಿನ ಅಳತೆಗೋಲಿಗೆ ನಿಲ್ಲುವಂಥ ದೊಡ್ಡ ಪ್ರಯೋಗಗಳು ಇದರ ಮೇಲೆ ನಡೆಯಬೇಕಾದ ಅಗತ್ಯವಿದೆ. ಅಲ್ಲಿಯವರೆಗೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು: ಜೇನಿನಲ್ಲಿ ಇರಬಹುದಾದ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಒಂದು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಮೊಳೆತು ಸ್ನಾಯುಗಳನ್ನು ಜೋಲಿಸುವ ವಿಷವನ್ನು ಉತ್ಪಾದಿಸಬಲ್ಲವಾದ್ದರಿಂದ ಆ ವಯಸ್ಸಿನವರೆಗೆ ಯಾವ ರೂಪದಲ್ಲೂ ಜೇನು ಬೇಡ, ಮೊದಲ ಆರು ತಿಂಗಳು ಎದೆಹಾಲಲ್ಲದೆ ಬೇರೇನೂ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇನ್ನು ಇನ್ಸುಲಿನ್ ಇಲ್ಲದೆ ಬದುಕಲಾರದ ಬಾಲ್ಯದ ಮಧುಮೇಹ, ಮಾತ್ರೆ ತಪ್ಪಿದರೆ ಫಿಟ್ಸ್ ಬಿಡದೆ ಬರಬಹುದಾದ ಅಪಸ್ಮಾರ ಇಂಥ ಕಾಯಿಲೆಗಳಲ್ಲಿ ಪೂರಕವೆಂದು ಆರಂಭವಾದದ್ದು ಪರ್ಯಾಯವಾಗಿ ತಿರುಗುವ ಗಳಿಗೆಯನ್ನು ವೈದ್ಯರೂ ಮನೆಯವರೂ ಕಣ್ಣಿಟ್ಟು ಕಾಯಬೇಕು. 1922ರಲ್ಲಿ ಇನ್ಸುಲಿನ್ ಬಳಕೆಗೆ ಬರುವ ಮುನ್ನ ಅಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ಹೊಸ ಔಷಧಿಯೊಂದು ಮನೆಯೊಳಕ್ಕೆ ಬರಬೇಕಾದರೆ ಮನೆಯ ಹಿರಿಯ ಹೆಂಗಸಿನ ಒಪ್ಪಿಗೆ ಎಷ್ಟು ಮುಖ್ಯವೆಂಬುದಕ್ಕೆ ಮೈಸೂರಿನ ಚರಿತ್ರೆಯಲ್ಲೇ ಒಂದು ಸಾಕ್ಷಿಯಿದೆ. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬರೆದ ಮೂವರು ರಾಣಿಯರ ಚಿತ್ರವು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿವಾಸದ್ದೆಂದೂ, ಆಗತಾನೆ ಬಂದಿದ್ದ ಸಿಡುಬಿನ ಲಸಿಕೆಯನ್ನು ಜನರು ಒಪ್ಪಲೆಂದು ಬರೆಸಿದ್ದೆಂದೂ, ಅದರಲ್ಲಿ ಅರಸರ ಅಜ್ಜಿ ಲಕ್ಷ್ಮಮ್ಮಣ್ಣಿಯವರೂ ಇದ್ದಾರೆಂದೂ ಇತಿಹಾಸಕಾರ ನೈಜಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ. ಸಿಡುಬನ್ನು ‘ಅಮ್ಮ’ನೆಂದು ಪೂಜಿಸುತ್ತಿದ್ದ ನಾಡಿನಲ್ಲಿ ಲಸಿಕೆಯ ಪರವಾಗಿ ಮೊದಲು ನಿಂತವರ ಸಾಲಿನಲ್ಲಿ ಒಬ್ಬ ಅಜ್ಜಿಯೂ ಇದ್ದರೆಂಬ ಈ ಓದು ಸರಿಯಾಗಿದ್ದರೆ, ಇಂದಿನ ವೈದ್ಯರು ಅಜ್ಜಿಯನ್ನು ಎದುರಾಳಿಯೆಂದು ಕಾಣಬೇಕಾದ ಕಾರಣವೇ ಇಲ್ಲ.

ವ್ಯವಸ್ಥೆಯೂ ಇದಕ್ಕೆ ಅನುಕೂಲವಾಗಿದೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಂತಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಶಾಲೆಗಳಿಗೆ ಹೋಗಿ ಮಕ್ಕಳ ಕಿವಿ, ಕಣ್ಣು, ಹೃದಯ, ಬೆಳವಣಿಗೆಗಳನ್ನು ತಪಾಸಣೆ ಮಾಡುವ ಸಂಚಾರಿ ತಂಡಗಳಲ್ಲಿ ಆಯುಷ್ ವೈದ್ಯರೇ ಇರುತ್ತಾರೆ. ಎಂದರೆ ಮಾತು ತಡವಾದ ಮಗುವನ್ನು ಮೊದಲು ಗುರುತಿಸಿ ಶ್ರವಣ ಪರೀಕ್ಷೆಗೆ ಕಳಿಸುವವರು ಆಯುರ್ವೇದ ಪದವೀಧರರಾಗಿರುವ ಸಾಧ್ಯತೆ ಸಾಕಷ್ಟಿದೆ, ಅವರು ಬಜೆಯ ಗುಣದೋಷಗಳನ್ನು ಅಜ್ಜಿಗೆ ಅವಳದೇ ಭಾಷೆಯಲ್ಲಿ ವಿವರಿಸಬಲ್ಲರು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ ಮೊದಲ 42 ದಿನಗಳಲ್ಲಿ ಆರು ಸಲ ಹೋಗಬೇಕೆಂಬ ನಿಯಮವಿದೆ. ಸಾಣೆಕಲ್ಲು, ಎಣ್ಣೆಯ ಗಿಂಡಿ, ಕೈಗೆ ಕಟ್ಟಿದ ಬಜೆಯ ಬಳೆ ಇವೆಲ್ಲ ಅವಳ ಕಣ್ಣಿಗೆ ಬೀಳುತ್ತವೆ, ವೈದ್ಯರ ಕಣ್ಣಿಗೆ ಬೀಳುವುದಿಲ್ಲ. ಅವಳು ಕಂಡದ್ದನ್ನು ತೀರ್ಪು ಕೊಡದೆ ಬರೆದಿಡಲು ತಾಯಿ ಕಾರ್ಡಿನಲ್ಲಿ ಒಂದು ಸಾಲು ಮೀಸಲಿಟ್ಟರೆ ಖರ್ಚೇನೂ ಇಲ್ಲ, ಮುಂದಿನ ಭೇಟಿಯಲ್ಲಿ ವೈದ್ಯರ ಪ್ರಶ್ನೆಯ ಧಾಟಿಯೂ ಬದಲಾದೀತು. ‘ನಾಟಿ ಔಷಧಿ ಕೊಟ್ಟಿದ್ದೀರಾ?’ ಎನ್ನುವ ಬದಲು ‘ಎದೆಹಾಲಿನ ಜೊತೆಗೆ ಏನೇನು ತೇದು ಹಾಕುತ್ತಿದ್ದೀರಮ್ಮ, ಅದರಿಂದ ಮಗುವಿಗೆ ಹೇಗನ್ನಿಸಿತು?’ ಎಂದು ಕೇಳಿದಾಗ ‘ಇಲ್ಲ ಸಾರ್’ ಎನ್ನಬೇಕಾದ ಒತ್ತಡವೇ ಇರುವುದಿಲ್ಲ.

ಮಗುವನ್ನು ವೈದ್ಯರಿಗೆ ತೋರಿಸಲು ಹೊರಡುವ ತಂದೆತಾಯಿಗಳು ಲಸಿಕೆಯ ಕಾರ್ಡಿನ ಜೊತೆಗೆ ಮನೆಯಲ್ಲಿ ಕೊಡುತ್ತಿರುವ ಪುಡಿ, ಲೇಹ್ಯ, ಎಣ್ಣೆ, ಮುಲಾಮು, ತೇಯುವ ಬೇರು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಬೇಕು, ಸಾಧ್ಯವಾದರೆ ಅಜ್ಜಿಯನ್ನೂ ಜೊತೆಗೆ ಕರೆದೊಯ್ಯಬೇಕು.